ಮೇಲ್ಛಾವಣಿ ಸೌರ ಘಟಕಗಳಿಗೆ ನೆಟ್ ಮೀಟರ್ ಒದಗಿಸುವ ಕುರಿತು ಮನವಿ ಪತ್ರ

ಗೆ: ಕಾರ್ಯದರ್ಶಿಗಳು, ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ, ಬೆಂಗಳೂರು
ಇಂದ: ಪಾಣೆಮಂಗಳೂರು ಆಸುಪಾಸಿನ ವಿದ್ಯುತ್ ಬಳಕೆದಾರರು, ಬಂಟ್ವಾಳ ತಾಲೂಕು

ಪಾಣೆಮಂಗಳೂರು ಆಸುಪಾಸಿನ ಮನೆಗಳ ಮಾಡಿನ ಮೇಲೆ ಸೌರ ಫಲಕಗಳು ಬಂದು ಕುಳಿತಿವೆ. ನೆಟ್ ಮೀಟರ್ ಮಾತ್ರ ಬಂದಿಲ್ಲ. ಅದಿಲ್ಲದೆ ಇನ್ವರ್ಟರ್ ಚಾಲೂ ಮಾಡುವಂತಿಲ್ಲ. ಮಾಡಿದರೆ ಜಾಲಕ್ಕೆ ಹೊರಹೋದ ಯೂನಿಟ್ಟನ್ನೂ ಹಳೆಯ ಮೀಟರ್ ಬಳಕೆಯೆಂದೇ ದಾಖಲಿಸುವ ಅಪಾಯವಿದೆ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್ ಘಟಕಕ್ಕಿರುವ 78,000 ರೂಪಾಯಿ ಸಹಾಯಧನ ಜಮೆಯಾಗುವುದು ಘಟಕ ಚಾಲನೆಗೊಂಡ ಮೇಲೆಯೇ. ಬ್ಯಾಂಕಿನ ಕಂತು ಅಲ್ಲಿಯವರೆಗೆ ಕಾಯುವುದಿಲ್ಲ.

ವಿತರಣಾ ಕಂಪನಿಯನ್ನು ಕೇಳಿದಾಗಲೆಲ್ಲ ಸಿಗುವ ಉತ್ತರ, ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಸಾಲದು, ಖರ್ಚನ್ನು ಅರ್ಜಿದಾರರೇ ಭರಿಸಲಿ ಎಂಬುದು. ವಿದ್ಯುತ್ (ಗ್ರಾಹಕರ ಹಕ್ಕುಗಳು) ನಿಯಮಗಳು, 2020 ಮತ್ತು ಅವುಗಳ 2024ರ ಫೆಬ್ರವರಿಯ ತಿದ್ದುಪಡಿ ಹೇಳುವುದೇ ಬೇರೆ. 10 ಕಿಲೋವಾಟ್ ವರೆಗಿನ ಅರ್ಜಿಗೆ ತಾಂತ್ರಿಕ ಸಾಧ್ಯತಾ ಅಧ್ಯಯನವೇ ಬೇಕಿಲ್ಲ. 5 ಕಿಲೋವಾಟ್ ವರೆಗಿನ ಘಟಕಕ್ಕೆ ಜಾಲ ಬಲಪಡಿಸುವ ವೆಚ್ಚ ವಿತರಣಾ ಕಂಪನಿಯದು. ಅಳವಡಿಕೆ ಪ್ರಮಾಣಪತ್ರ ಸಲ್ಲಿಸಿದ 15 ದಿನಗಳೊಳಗೆ ಮೀಟರ್ ಕೂರಿಸಿ ಚಾಲನೆ ನೀಡಬೇಕು. ಇದೆಲ್ಲ ಮಾನ್ಯ ಆಯೋಗಕ್ಕೆ ತಿಳಿಯದ್ದಲ್ಲ. ನಿಯಮ ಬಲ್ಲ ಕಂಪನಿಯ ಅಧಿಕಾರಿಗಳೇ ಬಳಕೆದಾರರನ್ನು ಮೇಜಿನಿಂದ ಮೇಜಿಗೆ ಅಲೆಸುವುದನ್ನು ಇನ್ನು ಸಹಿಸಲಾಗದು. ಜನಸಂಪರ್ಕ ಸಭೆಗಳಲ್ಲಿ ದೊರೆತ ಭರವಸೆಗಳು ಕಡತದಲ್ಲೂ ಉಳಿದಿಲ್ಲ. ಅರ್ಜಿ ಸ್ವೀಕೃತಿ, ಅಳವಡಿಕೆ ಪ್ರಮಾಣಪತ್ರ, ಸಾಲ ಮಂಜೂರಾತಿ ಪತ್ರ, ಕಂತಿನ ರಶೀದಿ, ಹಿಂದಿನ ಮನವಿಗಳ ಪ್ರತಿಗಳನ್ನು ಲಗತ್ತಿಸಲಾಗಿದೆ.

ಮಳೆಗಾಲದ ತೊಂದರೆ ಇನ್ನೊಂದು. ಮರ ಬಿದ್ದು ಲೈನ್ ಹೋದರೆ, ಲೈನ್‌ಮನ್‌ಗಳ ಸುರಕ್ಷತೆಗಾಗಿ ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ತಾನಾಗಿ ನಿಲ್ಲುತ್ತದೆ. ಸೌರ ಫಲಕವಿರುವ ಮನೆಯೂ ಕತ್ತಲಲ್ಲಿ. ಬ್ಯಾಟರಿ ಇಟ್ಟುಕೊಳ್ಳೋಣವೆಂದರೆ ಅದಕ್ಕೆ ಈ ಯೋಜನೆಯಲ್ಲಿ ಸಹಾಯಧನವಿಲ್ಲ. ಹಂಚಿನ ಮಾಡಿನ ಹಳೆಯ ಪಕ್ಕಾಸು, ರೀಪು ಫಲಕದ ಭಾರ ತಾಳದೆ ಕಬ್ಬಿಣದ ಚೌಕಟ್ಟಿನ ಖರ್ಚೂ ಸೇರುತ್ತದೆ.

ಆದ್ದರಿಂದ ಮೇಲಿನ ನಿಯಮಗಳಂತೆ ಬಾಕಿ ಮೀಟರ್‌ಗಳನ್ನು ಕೂಡಲೇ ಕೂರಿಸುವಂತೆ, ಟ್ರಾನ್ಸ್‌ಫಾರ್ಮರ್ ಹೆಸರಿನಲ್ಲಿ ಅರ್ಜಿದಾರರಿಂದ ಹಣ ಕೇಳದಂತೆ, ತಿರಸ್ಕರಿಸುವುದಿದ್ದರೆ ಕಾರಣವನ್ನು ಲಿಖಿತವಾಗಿ ನೀಡುವಂತೆ ವಿತರಣಾ ಕಂಪನಿಗೆ ಆಯೋಗ ನಿರ್ದೇಶಿಸಬೇಕು. ಪಾಲಾಗದ ಕುಟುಂಬದ ಮನೆಗಳಲ್ಲಿ ಆರ್‌ಆರ್ ಸಂಖ್ಯೆ ತೀರಿಕೊಂಡ ಹಿರಿಯರ ಹೆಸರಿನಲ್ಲೇ ಇದ್ದು, ಸಹಿದಾರರಲ್ಲಿ ಕೆಲವರ ಅರ್ಜಿ ಇದೊಂದೇ ಕಾರಣಕ್ಕೆ ನಿಂತಿದೆ. ವಾರಸುದಾರರ ಮುಚ್ಚಳಿಕೆ ಪಡೆದು ಹೆಸರು ಬದಲಿಸಿಕೊಡಬೇಕು. ನೇತ್ರಾವತಿ ದಂಡೆಯ ಅಡಿಕೆ ತೋಟಗಳ ಸೌರ ಪಂಪಿನ ಅರ್ಜಿಗಳಿಗೆ ಆದ್ಯತೆ ದೊರೆಯುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು. ಕೈಗೊಂಡ ಕ್ರಮವನ್ನು 15 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಸಹಿದಾರರೆಲ್ಲರ ವಿನಂತಿ.