ಹೆರಿಗಿಗೆ ಬೇಕಾದ ಸಿಸ್ಟರ್ ಸೊಸಿಯಾಗಿ ಯಾಕ ಬ್ಯಾಡ?

ಅಕ್ಕಾರ, ವೈನಿಯವರ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕನ್ಯಾ ನೋಡೂ ಮಾತಿನ್ಯಾಗ "ಹುಡುಗಿ ಸರಕಾರಿ ದವಾಖಾನ್ಯಾಗ ಸಿಸ್ಟರ್ ಅದಾಳ" ಅಂದ್ರ ಸಾಕು, ನಮ್ಮ ಮಾರಿ ಸಣ್ಣದಾಗತೈತಿ. "ಹುಡುಗಿ ಛಲೋ ಖರೆ, ಆದ್ರ ರಾತ್ರಿ ಪಾಳಿ ಇರ್ತೈತೆಲ್ಲ" ಅಂತೀವಿ. ಉಳಿದ ಮಾತು ಬಾಯಿಲೆ ಆಡೂದಿಲ್ಲ, ಕಣ್ಣಿಲೆ ಆಡ್ತೀವಿ. ಹಿಂಗ ಅನ್ನೋರು ಗಂಡಸರಷ್ಟ ಅಲ್ಲ, ನಾವೂ ಅದೀವಿ.

ಆ ರಾತ್ರಿ ಪಾಳ್ಯಾಗ ಆಕಿ ಏನು ಮಾಡ್ತಾಳ, ಒಮ್ಮೆರ ಲೆಕ್ಕಾ ಹಾಕೇವೇನು? ಸಣ್ಣ ಊರಿನ ಸಮುದಾಯ ಆರೋಗ್ಯ ಕೇಂದ್ರ ಅಂದ್ರ 30 ಹಾಸಿಗಿ ದವಾಖಾನಿ. ಸುತ್ತಲಿನ ಹಳ್ಳಿ ಮಂದಿಗೆಲ್ಲಾ ಅದ ಆಸರ. ಬ್ಯಾನಿ ತಿನ್ನೂ ಹೆಣ್ಣಮಗಳು ಬಂದ್ರ, ಅರ್ಧಾ ತಾಸಿಗೊಮ್ಮೆ ಕೂಸಿನ ಎದಿಬಡಿತ ಎಣಿಸಿ ಚಾರ್ಟಿನ್ಯಾಗ ಬರೀಬೇಕು. ಕೂಸು ಹುಟ್ಟಿದ ಕೂಡ್ಲೆ, ಬಾಣಂತಿಗೆ ನೆತ್ತರ ಭಾಳ ಹೋಗಬಾರದಂತ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡಬೇಕು. ಕೂಸು ಅಳಲಿಲ್ಲಂದ್ರ ಒರಿಸಿ, ಬೆನ್ನ ತಿಕ್ಕಿ, ಆಗೂ ಉಸಿರಾಡಲಿಲ್ಲಂದ್ರ ಬ್ಯಾಗ್ ಹಿಡದು ಗಾಳಿ ಕೊಡಬೇಕು. ಇದಕ್ಕೆಲ್ಲಾ ಆಕಿ ಕೈಯಾಗ ಇರೂದು ಒಂದ ನಿಮಿಷ. ಮುಂದ 1 ತಾಸಿನೊಳಗ ಎದಿಹಾಲು, 24 ತಾಸಿನೊಳಗ ಹೆಪಟೈಟಿಸ್ ಬಿ ಲಸಿಕಿ. ಇದನ್ನ ಕಲಿಯಾಕ ಪಿಯುಸಿ ಮುಗಿಸಿ 3 ವರ್ಷ ಜಿಎನ್‌ಎಂ, ಇಲ್ಲಾ 4 ವರ್ಷ ಬಿಎಸ್ಸಿ ನರ್ಸಿಂಗ್ ಓದಿರ್ತಾಳ. ಕೂಸು ಹೊತ್ತು ನೋಡಿ ಹುಟ್ಟತೈತೇನು? ನಮ್ಮ ಮಗಳ ಹೆರಿಗಿ ಹೊತ್ತಿಗೆ ನಡುರಾತ್ರಿ ಗಂಡಸರು ಬ್ಯಾಡ, ಸಿಸ್ಟರೇ ಬೇಕು ಅಂತೀವಿ. ಬೆಳಗಾದ ಮ್ಯಾಲ ಅದ ಸಿಸ್ಟರಿಗೆ ಹೆಸರು ಇಡ್ತೀವಿ.

"ಮನಿ, ಮಕ್ಕಳನ್ನ ಯಾರು ನೋಡ್ಬೇಕು?" ಅಂತೀರಿ. ರಾತ್ರಿ ಬಸ್ಸು ಹೊಡಿಯೂ ಮಗನಿಗೆ ಬುತ್ತಿ ಕಟ್ಟಿ ಕಳಸ್ತೀವಿ, ಹಗಲು ಮಲಕೊಂಡ್ರ ಮೊಮ್ಮಕ್ಕಳಿಗೆ "ಗದ್ಲ ಮಾಡಬ್ಯಾಡ್ರಿ" ಅಂತ ಬೈತೀವಿ. ಸೊಸಿ ಹಗಲು ಮಲಕೊಂಡ್ರ ಮಾತ್ರ ಮೈಗಳ್ಳಿ ಆಗ್ತಾಳ!

"ರಾತ್ರಿ ಹೆದರಿಕಿ" ಅಂದ್ರ ಅದು ಖರೆ. ಆದ್ರ ಆ ಹೆದರಿಕಿಗೆ ಆಕಿ ನಡತಿ ಕಾರಣ ಅಲ್ಲ. ಅಂಗಳದಾಗ ದೀಪ, ಬಾಗಲದಾಗ ಕಾವಲುಗಾರ, ಚಿಲಕ ಇರೂ ಖೋಲಿ ಕೇಳೂಣು. ದವಾಖಾನಿ ಸಿಬ್ಬಂದಿ ಮ್ಯಾಲ ಕೈ ಮಾಡಿದವರಿಗೆ ಶಿಕ್ಷಾ ಕೊಡೂ ಕಾಯ್ದೆ ನಮ್ಮ ರಾಜ್ಯದಾಗ 2009ರಾಗ ಬಂದೈತಿ. ಅದು ನಡಿಯೂ ಹಂಗ ಒತ್ತಾಯ ಮಾಡೂಣು. ಅದನ್ನ ಬಿಟ್ಟು "ಲಗ್ನಾದ ಮ್ಯಾಲ ನೌಕರಿ ಬಿಡ್ಲಿ" ಅಂತ ಕರಾರು ಹಾಕಿದ್ರ, ನಮ್ಮೂರ ಹೆರಿಗಿ ಖೋಲಿಗೆ ಒಂದು ಕಲಿತ ಕೈ ಕಡಿಮಿ ಆತು. ಆಮ್ಯಾಲ ಬ್ಯಾನಿ ತಿನ್ನೂ ಮಗಳನ್ನ ಗಾಡ್ಯಾಗ ಹಾಕ್ಕೊಂಡು ಹುಬ್ಬಳ್ಳಿಗೆ ಓಡೋರು ನಾವ.

ಮುಂದ ಇಂಥಾ ಕನ್ಯಾ ಬಂದ್ರ ಪಾಳಿ ಯಾವಾಗಂತ ಕೇಳ್ರಿ, ತಪ್ಪಿಲ್ಲ. ಆದ್ರ ಬುತ್ತಿ ಎಷ್ಟೊತ್ತಿಗೆ ಕಟ್ಟಬೇಕು ಅಂತ ತಿಳಕೊಳ್ಳಾಕ ಕೇಳ್ರಿ.