ಲಾರಿ ಚಾಲಕನ ನಿದ್ದೆ, ನಮ್ಮೆಲ್ಲರ ಪ್ರಾಣ

ನನ್ನ ದವಾಖಾನೆ ಇರುವುದು ಬೆಂಗಳೂರು–ಪುಣೆ ಹೆದ್ದಾರಿಯ ಪಕ್ಕದ ಊರಿನಲ್ಲಿ. ಕಳೆದ ತಿಂಗಳು ಒಂದೇ ಸಂಜೆ ಇಬ್ಬರು ರೋಗಿಗಳು ಒಬ್ಬರ ಹಿಂದೊಬ್ಬರು ಬಂದರು.

ಮೊದಲನೆಯವರು ಬ್ಯಾಂಕ್ ಉದ್ಯೋಗಿ. ಹೆಂಡತಿ ಮಕ್ಕಳೊಂದಿಗೆ ಕಾರಿನಲ್ಲಿ ಹುಬ್ಬಳ್ಳಿಗೆ ಹೊರಟಿದ್ದವರು. ಒಮ್ಮೆಲೇ ಬ್ರೇಕ್ ಹಾಕಿದ ಹೊಡೆತಕ್ಕೆ ಕುತ್ತಿಗೆ ಉಳುಕಿತ್ತು. “ಈ ಲಾರಿಯವರು ಬಲಗಡೆಯ ಸಾಲು ಬಿಟ್ಟು ಕದಲುವುದೇ ಇಲ್ಲ ಡಾಕ್ಟರೇ. ಎಡಗಡೆಯಿಂದ ಮುಂದೆ ಹೋಗೋಣವೆಂದರೆ ನಮ್ಮ ಮೇಲೇ ಬಂದುಬಿಟ್ಟ” ಎಂದರು.

ಎರಡನೆಯವನು ಲಾರಿ ಚಾಲಕ. ಶೀತ, ಮೈಕೈ ನೋವು. ಅವನ ದೂರೂ ರಸ್ತೆಯದೇ. “ಕಾರಿನೋರು ಎಡಗಡೆ ನುಗ್ತಾರೆ ಸಾರ್, ಕನ್ನಡೀಲಿ ಕಾಣ್ಸೋದೇ ಇಲ್ಲ. ಮುಂದೆ ಬಂದು ಬ್ರೇಕ್ ಹಾಕ್ತಾರೆ. ಇಷ್ಟು ಲೋಡು ಹಾಕ್ಕೊಂಡು ನಾನೆಲ್ಲಿ ನಿಲ್ಸಲಿ?”

ಶೀತಕ್ಕೆ ಮಾತ್ರೆ ಬರೆದುಕೊಟ್ಟೆ. ಅವನು ಬಾಗಿಲು ದಾಟುವಾಗ ಸುಮ್ಮನೆ ಕೇಳಿದೆ: “ಈಗ ಎಲ್ಲಿಗಪ್ಪಾ?” “ಹುಬ್ಬಳ್ಳಿ ಕಡೆಗೆ ಸಾರ್, ಬೆಳಗಿನ ಜಾವ ಐದಕ್ಕೆ ಲೋಡು ಇಳಿಸ್ಬೇಕು.” ನನ್ನ ಎದೆ ಧಸಕ್ಕೆಂದಿತು. ನಾನು ಬರೆದದ್ದು ನಿದ್ದೆ ತರುವ ಮಾತ್ರೆ. ಕೂಡಲೇ ಒಳಗೆ ಕರೆದು ಚೀಟಿ ತಿದ್ದಿದೆ. ಮಲಗಿ ಎಷ್ಟು ಹೊತ್ತಾಯಿತೆಂದು ಕೇಳಿದರೆ, ನಿನ್ನೆ ಮಧ್ಯಾಹ್ನ ಎರಡು ಗಂಟೆ ಮಲಗಿದ್ದನಂತೆ.

ಇಪ್ಪತ್ತು ವರ್ಷ ವೈದ್ಯನಾಗಿಯೂ ನಾನು ಮಾಡಿದ ಈ ತಪ್ಪೇ ಇಂದಿನ ಲೇಖನಕ್ಕೆ ಕಾರಣ. ಲಾರಿಯವನು ಕಾರಿನವರನ್ನು, ಕಾರಿನವರು ಲಾರಿಯವನನ್ನು ಬೈಯುತ್ತಾರೆ. ಆದರೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿಲ್ಲ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಒಟ್ಟು ರಸ್ತೆಗಳ ಉದ್ದದಲ್ಲಿ ಶೇಕಡಾ 2ರಷ್ಟು ಮಾತ್ರ ಇರುವ ರಾಷ್ಟ್ರೀಯ ಹೆದ್ದಾರಿಗಳಲ್ಲಿಯೇ ಇವರ ಪೈಕಿ ಶೇಕಡಾ 36ರಷ್ಟು ಜನ ಪ್ರಾಣ ಬಿಟ್ಟರು. ಯಾವುದಾದರೂ ಜ್ವರಕ್ಕೆ ಇಷ್ಟು ಜನ ಬಲಿಯಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?

2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ಕಾರಿನ ಮೇಲೆ ಮಗುಚಿ ಒಂದೇ ಕುಟುಂಬದ ಆರು ಮಂದಿ ತೀರಿಕೊಂಡದ್ದು ಓದುಗರಿಗೆ ನೆನಪಿರಬಹುದು. ಅದು ದೊಡ್ಡ, ಗಟ್ಟಿಮುಟ್ಟಾದ ಕಾರು. ಅಷ್ಟು ಭಾರದ ಮುಂದೆ ಅದರ ಗಟ್ಟಿತನ ಉಪಯೋಗಕ್ಕೆ ಬರಲಿಲ್ಲ.

ಲೆಕ್ಕ ಸರಳ. ಸಣ್ಣ ಕಾರಿನ ತೂಕ ಸುಮಾರು ಒಂದು ಟನ್. ಎರಡು ಆಕ್ಸಲ್‌ನ ಸಾಮಾನ್ಯ ಲಾರಿ ಸರಕೂ ಸೇರಿ 18.5 ಟನ್‌ವರೆಗೆ ಇರಬಹುದು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಕಾಲು ಬ್ರೇಕ್ ಒತ್ತುವಷ್ಟರಲ್ಲಿಯೇ ಒಂದೂವರೆ ಸೆಕೆಂಡು, ಅಂದರೆ 33 ಮೀಟರ್ ಕಳೆದಿರುತ್ತದೆ. ಅನಂತರ ತುಂಬಿದ ಲಾರಿ ನಿಲ್ಲಲು ಕಾರಿಗಿಂತ ಬಹಳ ಹೆಚ್ಚು ದೂರ ಬೇಕು. ಅದರ ಮುಂದೆ ನುಗ್ಗಿ ಬ್ರೇಕ್ ಹಾಕುವವರು ತಮ್ಮ ಮಕ್ಕಳನ್ನು ಆ ದೂರದೊಳಗೆ ಕೂರಿಸಿರುತ್ತಾರೆ.

ಇನ್ನು ನಿದ್ದೆಯ ವಿಷಯ. ನಮ್ಮ ದೇಹದೊಳಗಿನ ಗಡಿಯಾರ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಮಿದುಳನ್ನು ಬಲವಂತವಾಗಿ ಮಲಗಿಸಲು ನೋಡುತ್ತದೆ. ಮಧ್ಯಾಹ್ನ ಊಟದ ನಂತರವೂ ಸ್ವಲ್ಪ ಹಾಗೆಯೇ. ನಿದ್ದೆಗೆಟ್ಟವನಿಗೆ ಕಣ್ಣು ತೆರೆದಿದ್ದಂತೆಯೇ ಎರಡು ಮೂರು ಸೆಕೆಂಡು ಪ್ರಜ್ಞೆ ತಪ್ಪಿದಂತಾಗುತ್ತದೆ. ಮೂರು ಸೆಕೆಂಡಿನಲ್ಲಿ ಲಾರಿ 66 ಮೀಟರ್ ಹೋಗಿರುತ್ತದೆ. ಚಹಾ, ಬೀಡಿ, ಜೋರಾದ ಹಾಡು ಯಾವುದೂ ನಿದ್ದೆಗೆ ಬದಲಿಯಲ್ಲ. ನಿದ್ದೆಗೆ ಔಷಧಿ ನಿದ್ದೆಯೊಂದೇ. ಇದು ಕಾರು ನಡೆಸುವ ನಮಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು.

ಚಾಲಕರು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ದುಡಿಯಬಾರದೆಂದು 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ಹೇಳುತ್ತಿತ್ತು. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ಹಣ ಸಿಗುವವನಿಗೆ ಮಲಗಿದ ಪ್ರತಿ ಗಂಟೆಯೂ ನಷ್ಟ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಒಳ್ಳೆಯದೇ ಆಯಿತು. ಆದರೆ ತಂಪಾದ ಕ್ಯಾಬಿನ್ನಿನಲ್ಲಿ ಮಲಗಲು ಸಮಯವನ್ನೂ, ಲಾರಿ ನಿಲ್ಲಿಸಲು ಸುರಕ್ಷಿತ ಜಾಗವನ್ನೂ ಕೊಡಬೇಕಲ್ಲವೇ?

ನಮ್ಮ ವೈದ್ಯ ಬಳಗದ ತಪ್ಪನ್ನೂ ಹೇಳಿಬಿಡುತ್ತೇನೆ. ಚಾಲನಾ ಪರವಾನಗಿಗೆ ನಾವು ಸಹಿ ಮಾಡುವ ವೈದ್ಯಕೀಯ ಪ್ರಮಾಣಪತ್ರದಲ್ಲಿ ದೃಷ್ಟಿ, ಕಿವಿ, ಬಣ್ಣಗುರುಡು, ಇರುಳುಗುರುಡಿನ ಪ್ರಶ್ನೆಗಳಿವೆ. ನಿದ್ದೆಯ ಪ್ರಶ್ನೆಯಿಲ್ಲ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟುವವರು ರಾತ್ರಿಯೆಲ್ಲ ಮಲಗಿದರೂ ಹಗಲು ತೂಕಡಿಸುತ್ತಾರೆ. ಇದಕ್ಕೆ ಚಿಕಿತ್ಸೆಯಿದೆ. ಪ್ರಶ್ನೆ ಪತ್ರದಲ್ಲಿ ಇಲ್ಲದಿದ್ದರೂ ವೈದ್ಯರು ಕೇಳಬೇಕು. ಶೀತ, ತುರಿಕೆಗೆ ಮಾತ್ರೆ ಬರೆಯುವ ಮುನ್ನ “ವಾಹನ ನಡೆಸುತ್ತೀರಾ?” ಎಂದೂ ಕೇಳಬೇಕು. ಕೇಳದಿದ್ದರೆ ರೋಗಿಗಳೇ ಹೇಳಬೇಕು.

ಕಾರಿನಲ್ಲಿ ಊರಿಗೆ ಹೊರಡುವ ಕುಟುಂಬಗಳು ಇವಿಷ್ಟನ್ನು ನೆನಪಿಡಲಿ.

ಲಾರಿಯ ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವನಿಗೆ ಕಾಣುವುದಿಲ್ಲ. ಅವನು ಕೂರುವುದು ಬಲಗಡೆ. ಆದ್ದರಿಂದ ಎಡಪಕ್ಕವೇ ಅವನಿಗೆ ಹೆಚ್ಚು ಕುರುಡು. ಬಲಸಾಲು ಹಿಡಿದು ಹೋಗುವುದು ಅವನ ತಪ್ಪೇ ಸರಿ. ಆದರೂ ಹಾರ್ನ್ ಮಾಡಿ, ದೀಪ ಮಿನುಗಿಸಿ ಕಾಯಿರಿ. ಅವನ ಪಕ್ಕದಲ್ಲಿಯೇ ಸಮನಾಗಿ ಓಡಿಸಬೇಡಿ.

ಲಾರಿಯನ್ನು ದಾಟಿದ ಮೇಲೆ ಅದರ ಮುಂಭಾಗ ಪೂರ್ತಿಯಾಗಿ ನಿಮ್ಮ ಕನ್ನಡಿಯಲ್ಲಿ ಕಂಡ ನಂತರವೇ ಅದರ ಸಾಲಿಗೆ ಬನ್ನಿ. ಹಿಂದೆ ಹೋಗುವಾಗ, ಲಾರಿ ದಾಟಿದ ಗುರುತನ್ನು ನೀವು ಮುಟ್ಟಲು ನಿಧಾನವಾಗಿ ನಾಲ್ಕು ಎಣಿಸುವಷ್ಟು ಅಂತರವಿರಲಿ. ಕಾರು ಲಾರಿಯ ಹಿಂಬದಿಯ ಅಡಿಗೆ ನುಗ್ಗಿದರೆ ಪೆಟ್ಟು ಬೀಳುವುದು ಬಾನೆಟ್ಟಿಗಲ್ಲ, ತಲೆಗೆ. ಕತ್ತಲಲ್ಲಿ ದೀಪವಿಲ್ಲದೆ ನಿಂತ ಲಾರಿಗೆ ಗುದ್ದುವವರ ಗತಿಯೂ ಇದೇ. ಆದ್ದರಿಂದ ಮಧ್ಯರಾತ್ರಿಯ ಪ್ರಯಾಣ ಬಿಟ್ಟು ಬೆಳಕು ಹರಿದ ಮೇಲೆ ಹೊರಡಿ.

ಹಿಂದಿನ ಸೀಟಿನವರೂ ಬೆಲ್ಟ್ ಕಟ್ಟಿಕೊಳ್ಳಲಿ. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಡಿ. ಅಪಘಾತ ಕಂಡರೆ 108ಕ್ಕೆ, ಇಲ್ಲವೇ ಹೆದ್ದಾರಿಯ 1033ಕ್ಕೆ ಕರೆ ಮಾಡಿ. ನೆರವಾದವರಿಗೆ ಕಾನೂನಿನ ರಕ್ಷಣೆಯಿದೆ, ಹೆದರಬೇಕಾಗಿಲ್ಲ.

ಆ ಸಂಜೆ ಚಾಲಕನಿಗೆ, ಊಟ ಮಾಡಿ ಮೂರು ಗಂಟೆಯಾದರೂ ಮಲಗಿ ಹೋಗೆಂದು ಹೇಳಿದೆ. “ಓನರು ಫೋನ್ ಮಾಡ್ತಾನೇ ಇದಾರೆ ಸಾರ್” ಎಂದು ನಕ್ಕು ಹೋದ. ಅವನು ಮಲಗಿದನೋ ಇಲ್ಲವೋ ನನಗೆ ತಿಳಿಯದು. ಆದರೆ ಅದೇ ರಾತ್ರಿ ಅದೇ ರಸ್ತೆಯಲ್ಲಿ ಆ ಬ್ಯಾಂಕಿನವರ ಕಾರೂ ಹೋಗುತ್ತಿತ್ತು, ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಮಲಗಿದ್ದವು. ಅವನ ಆ ಮೂರು ಗಂಟೆಯ ನಿದ್ದೆ ಈ ಮಕ್ಕಳಿಗೂ ಬೇಕಾಗಿತ್ತು.