ಹರಿದುಬರುವ ಕೊಳೆಯೂ ಹರಿದುಹೋಗುವ ಹಣವೂ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಓಹಯೋ ಸೀಮೆಯಲ್ಲಿ ಟೊಲೀಡೊ ಎಂಬ ಪಟ್ಟಣವೊಂದುಂಟು. ಮೌಮೀ ನದಿಯು ಈರೀ ಮಹಾಸರೋವರವನ್ನು ಕೂಡುವ ಸ್ಥಳದಲ್ಲಿ ಅದು ನೆಲಸಿದೆ. 2014ನೆಯ ಇಸವಿ ಆಗಸ್ಟ್ 2ನೆಯ ತಾರೀಖು ಆ ಪಟ್ಟಣದ ಗೃಹಸ್ಥರು ಬೆಳಗ್ಗೆ ಏಳುವ ವೇಳೆಗೆ, ನಲ್ಲಿಯ ನೀರನ್ನು ಕುಡಿಯಕೂಡದು, ಕಾಯಿಸಿಯೂ ಕುಡಿಯಕೂಡದು, ಎಂಬ ಎಚ್ಚರಿಕೆ ಹೊರಟಿತ್ತು. ಕಾಯಿಸಿದರೆ ನೀರು ಆವಿಯಾಗುವುದೇ ಹೊರತು ಅದರೊಳಗಿನ ವಿಷವು ಹೋಗದು. ಉಳಿದ ನೀರಿನಲ್ಲಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಸುಮಾರು ನಾಲ್ಕು ಲಕ್ಷಕ್ಕೂ ಮಿಕ್ಕ ಜನರು, ಲೋಕದ ಅತಿ ದೊಡ್ಡ ಸಿಹಿನೀರಿನ ಸರೋವರಗಳಲ್ಲೊಂದರ ದಡದಲ್ಲಿದ್ದುಕೊಂಡು, ಎರಡು ಮೂರು ದಿನಗಳ ಕಾಲ ಕುಡಿಯುವ ನೀರಿಗಾಗಿ ಅಂಗಡಿಯ ಮುಂದೆ ಸಾಲುಗಟ್ಟಿ ನಿಂತರು.

ಆ ವಿಷವನ್ನು ಯಾವ ಶತ್ರುವೂ ತಂದು ಹಾಕಿರಲಿಲ್ಲ. ಸರೋವರದ ಪಶ್ಚಿಮ ಭಾಗದಲ್ಲಿ ಬೇಸಗೆಯ ಕೊನೆಗೆ ಕೆನೆಗಟ್ಟುವ ನೀಲಿಹಸಿರು ಪಾಚಿಯೇ ಅದರ ಜನ್ಮಸ್ಥಾನ. ಆ ಪಾಚಿಗೆ ಆಹಾರವು ರಂಜಕ, ಎಂದರೆ ಫಾಸ್ಫರಸ್. ಆ ರಂಜಕದ ಬಹುಭಾಗವು ಮೌಮೀ ನದಿಯ ಇಕ್ಕೆಲದ ಜೋಳ ಮತ್ತು ಸೋಯಾ ಅವರೆಯ ಹೊಲಗಳಿಗೆ ಹಾಕಿದ ಗೊಬ್ಬರದಿಂದ, ಮಳೆಯ ನೀರಿನೊಡನೆ, ಹರಿದು ಬಂದದ್ದು. ಹಿಂದೆ ಆ ಸೀಮೆಯಲ್ಲಿ ಒಂದು ಮಹಾ ಜೌಗುಭೂಮಿ ಇದ್ದಿತು. ನೀರನ್ನು ತಡೆದು, ಸೋಸಿ, ನಿಧಾನವಾಗಿ ಬಿಡುತ್ತಿದ್ದುದು ಅದೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜನರು ನೆಲದ ಕೆಳಗೆ ಸುಟ್ಟಮಣ್ಣಿನ ಕೊಳವೆಗಳನ್ನು ಹೂಳಿ, ಕಾಲುವೆಗಳನ್ನು ತೋಡಿ, ಆ ಜೌಗನ್ನು ಬತ್ತಿಸಿ ಫಲವತ್ತಾದ ಹೊಲಗಳನ್ನಾಗಿ ಮಾಡಿಕೊಂಡರು. ಸೋಸುವ ಜರಡಿ ಹೋಯಿತು. ಸಾಗಿಸುವ ಕೊಳವೆ ಉಳಿಯಿತು.

ಇಂಥ ಕೊಳೆಯನ್ನು ತಡೆಯುವುದಕ್ಕೆ ಅಲ್ಲಿನ ಸರ್ಕಾರವು ಏನೂ ಮಾಡಿಲ್ಲವೆಂದರೆ ಅದು ಅನ್ಯಾಯದ ಮಾತಾದೀತು. ಅದು ಹಣವನ್ನು ಕೊಡುತ್ತಲೇ ಇದೆ. ವಾದವಿರುವುದು ಹಣ ಸಾಲದೆಂಬುದರಲ್ಲಿ ಅಲ್ಲ. ಯಾವ ಕಟ್ಟುಪಾಡೂ ಇಲ್ಲದೆ ಕೊಟ್ಟ ಹಣವು ನೀರನ್ನು ತಿಳಿಗೊಳಿಸಲಾರದೆಂಬುದರಲ್ಲಿ.

ಇದರ ಪೂರ್ವಕಥೆಯನ್ನು ಸ್ವಲ್ಪ ನೋಡಬೇಕು. 1969ರಲ್ಲಿ ಅದೇ ಓಹಯೋ ಸೀಮೆಯ ಕ್ಲೀವ್‌ಲೆಂಡ್ ನಗರದಲ್ಲಿ ಕಯಹೋಗ ನದಿಯ ಮೇಲೆ ತೇಲುತ್ತಿದ್ದ ಎಣ್ಣೆಯ ಜಿಡ್ಡಿಗೆ ಬೆಂಕಿ ಹತ್ತಿಕೊಂಡಿತು. ನದಿಯೇ ಉರಿಯಿತೆಂಬ ಸುದ್ದಿಯು ದೇಶವನ್ನು ನಾಚಿಸಿತು. 1972ರಲ್ಲಿ ಅಧ್ಯಕ್ಷ ನಿಕ್ಸನ್ನರ ನಿರಾಕರಣೆಯನ್ನೂ ಮೀರಿ ಕಾಂಗ್ರೆಸ್ ಸಭೆಯು ಜಲಶುದ್ಧಿಯ ಶಾಸನವನ್ನು ಅಂಗೀಕರಿಸಿತು. ಕಾರ್ಖಾನೆಯಾಗಲಿ, ಪುರಸಭೆಯಾಗಲಿ, ರಹದಾರಿಯಿಲ್ಲದೆ ಕೊಳವೆಯ ಬಾಯಿಂದ ನದಿಗೆ ಕೊಳೆಯನ್ನು ಬಿಡಕೂಡದೆಂದು ಅದು ವಿಧಿಸಿತು, ಮಿತಿಯನ್ನು ಗೊತ್ತುಮಾಡಿತು, ಮೀರಿದವರಿಗೆ ದಂಡವನ್ನು ಇಟ್ಟಿತು. ಇದರ ಜೊತೆಗೆ ಪುರಸಭೆಗಳ ಶುದ್ಧೀಕರಣಾಲಯಗಳಿಗೆ ಉದಾರವಾಗಿ ದ್ರವ್ಯಸಹಾಯವನ್ನೂ ಮಾಡಿತು. ಒಂದು ಕೈಯಲ್ಲಿ ಕಟ್ಟಳೆ, ಇನ್ನೊಂದು ಕೈಯಲ್ಲಿ ಹಣ. ಫಲವು ಕಣ್ಣಿಗೆ ಕಂಡಿತು. ಸತ್ತಿತೆಂದು 1960ರ ದಶಕದಲ್ಲಿ ಜನರು ಹೇಳುತ್ತಿದ್ದ ಈರೀ ಸರೋವರವು 1980ರ ದಶಕದ ವೇಳೆಗೆ ಚೇತರಿಸಿಕೊಂಡಿತು.

ಆದರೆ ಹೊಲದಿಂದ ಹರಿದುಬರುವ ನೀರನ್ನು ಆ ಶಾಸನವು ಮುಟ್ಟಲಿಲ್ಲ. 1987ರಲ್ಲಿ, ಈ ಬಾರಿ ಅಧ್ಯಕ್ಷ ರೇಗನ್ನರ ನಿರಾಕರಣೆಯನ್ನು ಮೀರಿ, ಕಾಂಗ್ರೆಸ್ ಸಭೆಯು ಶಾಸನವನ್ನು ತಿದ್ದಿತು. ಆ ತಿದ್ದುಪಡಿಯಲ್ಲಿ ಎರಡು ಮಾತುಗಳು ಸೇರಿದುವು. ವ್ಯವಸಾಯದ ಭೂಮಿಯಿಂದ ಹರಿಯುವ ಮಳೆನೀರು ರಹದಾರಿಯ ಕಟ್ಟಿಗೆ ಒಳಪಡದೆಂಬುದು ಒಂದು. ಅಂಥ ಕೊಳೆಯನ್ನು ಕಡಮೆ ಮಾಡುವ ಯೋಜನೆಗಳಿಗಾಗಿ ಸಂಸ್ಥಾನಗಳಿಗೆ ಕೇಂದ್ರ ಸರ್ಕಾರವು ಅನುದಾನವನ್ನು ಕೊಡುವುದೆಂಬುದು ಇನ್ನೊಂದು. ವೆಚ್ಚದಲ್ಲಿ ಕೇಂದ್ರದ ಪಾಲು ಶೇಕಡ 60ನ್ನು ಮೀರಕೂಡದು. ಶಾಸನದ 319ನೆಯ ಪ್ರಕರಣವೆಂದು ಪ್ರಸಿದ್ಧವಾದದ್ದು ಇದೇ. ಬಿಡುಗಡೆಯೂ ಬಹುಮಾನವೂ ಒಂದೇ ಶಾಸನದಲ್ಲಿ ಕೂಡಿ ಬಂದವೆಂಬುದನ್ನು ವಾಚಕರು ಗಮನಿಸಬೇಕು.

ಆ ಪ್ರಕರಣದಡಿಯಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಹದಿನೈದರಿಂದ ಹದಿನೆಂಟು ಕೋಟಿ ಡಾಲರುಗಳವರೆಗೆ ವೆಚ್ಚವಾಗಿದೆ. ಕೃಷಿ ಇಲಾಖೆಯು ಬೇರೆಯಾಗಿ ಕೊಡುವ ಹಣವು ಇದರ ಹಲವು ಮಡಿ. ಹಳ್ಳದ ಅಂಚಿನಲ್ಲಿ ಹುಲ್ಲಿನ ಪಟ್ಟೆ ಬೆಳೆಸಿದರೆ ಹಣ. ಚಳಿಗಾಲದಲ್ಲಿ ನೆಲವನ್ನು ಬರಿದಾಗಿ ಬಿಡದೆ ಹೊದಿಕೆಯ ಬೆಳೆ ಹಾಕಿದರೆ ಹಣ. ಹಸುಗಳು ತೊರೆಗೆ ಇಳಿಯದಂತೆ ಬೇಲಿ ಹಾಕಿದರೆ ಹಣ. ಇವೆಲ್ಲವೂ ಒಳ್ಳೆಯ ಕೆಲಸಗಳೇ; ಇವುಗಳಿಂದ ತಿಳಿಯಾದ ತೊರೆಗಳೂ ಉಂಟು. ಆದರೆ ಮನಸ್ಸುಳ್ಳವನು ಮಾಡುತ್ತಾನೆ, ಇಲ್ಲದವನು ಬಿಡುತ್ತಾನೆ. ಹತ್ತು ಹೊಲಗಳಲ್ಲಿ ಒಂಬತ್ತರ ಒಡೆಯರು ಜಾಗರೂಕರಾಗಿದ್ದು, ಇಳಿಜಾರಿನ ಹತ್ತನೆಯವನು ಗದ್ದಲವಿಲ್ಲದೆ ಗೊಬ್ಬರವನ್ನು ಸುರಿದರೆ, ಅವನನ್ನು ಕೇಳುವ ಅಧಿಕಾರಿಯಿಲ್ಲ. ಒಂಬತ್ತು ಜನರ ಶ್ರಮವೂ ಸರ್ಕಾರದ ಹಣವೂ ಅವನ ಕಾಲುವೆಯಲ್ಲಿ ಕೊಚ್ಚಿಹೋಗುತ್ತವೆ. 2012ರಲ್ಲಿ ಅಲ್ಲಿನ ಕಾಂಗ್ರೆಸ್ ಸಭೆಯ ಲೆಕ್ಕತನಿಖೆಯ ಕಚೇರಿಯು ಈ ಅನುದಾನವನ್ನು ಪರೀಕ್ಷಿಸಿದಾಗ, ಯೋಜನೆಗಳಲ್ಲಿ ಶೇಕಡ 28ರಷ್ಟು, ತಾವೇ ಬರೆದುಕೊಟ್ಟ ಉದ್ದೇಶಗಳನ್ನು ಪೂರ್ತಿಯಾಗಿ ಸಾಧಿಸಿರಲಿಲ್ಲವೆಂದು ಕಂಡುಬಂದಿತು. ಬೇಲಿ ಎಷ್ಟು ಗಜ, ಪಟ್ಟೆ ಎಷ್ಟು ಎಕರೆ ಎಂಬ ಲೆಕ್ಕವು ಸುಲಭ. ನೀರು ಎಷ್ಟು ತಿಳಿಯಾಯಿತೆಂಬ ಲೆಕ್ಕವೇ ಮುಖ್ಯ.

ಸ್ವಯಂಪ್ರೇರಣೆಯ ಪಕ್ಷದವರು ಹೇಳುವ ಮಾತುಗಳನ್ನೂ ಕೇಳಬೇಕು. ರೈತನು ಅನ್ನದಾತನು, ತನ್ನ ಬೆಳೆಯ ಬೆಲೆಯನ್ನು ತಾನು ಕಟ್ಟಲಾರದವನು, ಅವನ ಮೇಲೆ ಕಟ್ಟಳೆಯ ಭಾರವನ್ನು ಹೇರುವುದು ನಿರ್ದಯೆ, ಎಂಬುದು ಮೊದಲನೆಯದು. ಕೊಳವೆಯ ಬಾಯನ್ನು ಬೆರಳಿಟ್ಟು ತೋರಿಸಬಹುದು, ಮಳೆನೀರಿಗೆ ಯಾರ ಹೆಸರನ್ನು ಬರೆಯುವುದು, ಎಂಬುದು ಎರಡನೆಯದು.

ಮೊದಲನೆಯ ಮಾತಿನಲ್ಲಿ ಸತ್ಯಾಂಶವಿದೆ. ಆದಕಾರಣವೇ ರೈತನಿಗೆ ಹಣ ಕೊಡಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ಕಟ್ಟಳೆಯಿಲ್ಲದಾಗ ಭಾರವು ಮಾಯವಾಗುವುದಿಲ್ಲ. ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತದೆ. ಅಯೋವಾ ಸಂಸ್ಥಾನದ ಡಿ ಮಾಯ್ನ್ ನಗರದವರು ಹೊಲಗಳಿಂದ ನದಿಗೆ ಬರುವ ನೈಟ್ರೇಟನ್ನು ತೆಗೆಯುವುದಕ್ಕಾಗಿಯೇ 1990ರ ದಶಕದ ಆದಿಯಲ್ಲಿ ಪ್ರತ್ಯೇಕ ಯಂತ್ರಾಲಯವನ್ನು ಕಟ್ಟಬೇಕಾಯಿತು. 2015ರಲ್ಲಿ ಅವರ ನೀರಿನ ಸಂಸ್ಥೆಯು ಮೇಲಿನ ಮೂರು ಜಿಲ್ಲೆಗಳ ಬಸಿಗಾಲುವೆ ಮಂಡಲಿಗಳ ಮೇಲೆ ವ್ಯಾಜ್ಯ ಹೂಡಿತು. 2017ರಲ್ಲಿ ಅದು ವಜಾ ಆಯಿತು. 2025ರ ಬೇಸಗೆಯಲ್ಲಿ ಆ ಪ್ರದೇಶದ ಸುಮಾರು ಆರು ಲಕ್ಷ ಜನರಿಗೆ ಅಂಗಳದ ಹುಲ್ಲಿಗೆ ನೀರು ಹಾಕಕೂಡದೆಂಬ ಆಜ್ಞೆಯಾಯಿತು. ನದಿ ಬತ್ತಿದ್ದರಿಂದಲ್ಲ, ನೈಟ್ರೇಟನ್ನು ತೆಗೆದು ಪೂರೈಸುವ ಶಕ್ತಿ ಸಾಲದೆ ಹೋದದ್ದರಿಂದ. ತೆರಿಗೆಯ ರೂಪದಲ್ಲಿ ಕೊಳೆಯನ್ನು ತಡೆಯುವುದಕ್ಕೆ ಒಮ್ಮೆ ತೆತ್ತ ಗೃಹಸ್ಥನು, ತಡೆಯದೆ ಬಂದ ಕೊಳೆಯನ್ನು ತೆಗೆಯುವುದಕ್ಕೆ ನೀರಿನ ಕರದ ರೂಪದಲ್ಲಿ ಮತ್ತೊಮ್ಮೆ ತೆರುತ್ತಾನೆ. ಅನ್ನದಾತನಿಗೆ ದಯೆ ತೋರಿಸುವವರು ಈ ಬಡ ಗೃಹಸ್ಥನಲ್ಲಿ ಏಕೆ ನಿರ್ದಯರು?

ಎರಡನೆಯ ಮಾತು ಹೊರನೋಟಕ್ಕೆ ಬಲವಾದದ್ದು, ಒಳಗೆ ಟೊಳ್ಳು. ಮೌಮೀ ಸೀಮೆಯ ಹೊಲಗಳ ನೀರು ಬಹುಮಟ್ಟಿಗೆ ನೆಲದಡಿಯ ಕೊಳವೆಗಳಿಂದಲೇ ಹೊರಬರುತ್ತದೆ. ಒಬ್ಬೊಬ್ಬನ ಹೊಲವನ್ನು ಅಳೆಯುವುದು ಕಷ್ಟವಾದರೆ ಇಡೀ ಹಳ್ಳದ ಜಲಾನಯನವನ್ನು ಅಳೆಯಬಹುದು. ಇದು ಊಹೆಯಲ್ಲ, ನಡೆದ ಕಾರ್ಯ. ಫ್ಲಾರಿಡಾ ಸಂಸ್ಥಾನದ ಓಕೀಚೋಬಿ ಸರೋವರದ ದಕ್ಷಿಣಕ್ಕೆ ವಿಸ್ತಾರವಾದ ಕಬ್ಬಿನ ಗದ್ದೆಗಳಿವೆ; ಅವುಗಳ ನೀರು ಎವರ್‌ಗ್ಲೇಡ್ಸ್ ಎಂಬ ಪ್ರಸಿದ್ಧ ಜೌಗುಸೀಮೆಗೆ ಹರಿಯುತ್ತದೆ. ಆ ಸಂಸ್ಥಾನವು 1994ರಲ್ಲಿ ಶಾಸನ ಮಾಡಿ, ಈ ಪ್ರದೇಶದಿಂದ ಹೊರಡುವ ರಂಜಕವು ಹಿಂದಿನ ಪ್ರಮಾಣಕ್ಕಿಂತ ಶೇಕಡ 25ರಷ್ಟಾದರೂ ಇಳಿಯಬೇಕೆಂಬ ಕಟ್ಟನ್ನು ಬಿಗಿಮಾಡಿತು. ಉಪಾಯವನ್ನು ಬೆಳೆಗಾರರ ಆಯ್ಕೆಗೆ ಬಿಟ್ಟಿತು: ಮಣ್ಣನ್ನು ಪರೀಕ್ಷಿಸಿ ಗೊಬ್ಬರ ಹಾಕುವುದು, ಮಳೆಯ ನೀರನ್ನು ತಕ್ಷಣ ಹೊರಗೆ ತಳ್ಳದೆ ತಡೆದಿಡುವುದು, ಕಾಲುವೆಯ ಕೆಸರನ್ನು ತೆಗೆಯುವುದು, ಹೀಗೆ. ಎಕರೆಗೆ ಇಷ್ಟೆಂದು ತೆರಿಗೆಯನ್ನು ಹಾಕಿ, ಗೊತ್ತಾದುದಕ್ಕಿಂತ ಹೆಚ್ಚಾಗಿ ಇಳಿಸಿದವರಿಗೆ ಅದರಲ್ಲಿ ಸೋಡಿ ಕೊಟ್ಟಿತು. ಕೇಳಿದ್ದು ಕಾಲು ಭಾಗ. ದೀರ್ಘಕಾಲದ ಸರಾಸರಿಯಲ್ಲಿ ಇಳಿದದ್ದು ಅರ್ಧಕ್ಕಿಂತ ಹೆಚ್ಚು. ಕಬ್ಬಿನ ವ್ಯವಸಾಯವು ನಾಶವಾಗಲಿಲ್ಲ. ಜೌಗುಸೀಮೆಯ ಕಷ್ಟವೆಲ್ಲ ಇದರಿಂದಲೇ ತೀರಿತೆಂದು ಹೇಳುವಂತಿಲ್ಲ. ಸರ್ಕಾರವು ನೀರು ಸೋಸುವ ದೊಡ್ಡ ಕೃತಕ ಜೌಗುಗಳನ್ನೂ ಕಟ್ಟಬೇಕಾಯಿತು. ಆದರೂ ಹರಿನೀರನ್ನು ಕಟ್ಟಳೆಗೆ ಒಳಪಡಿಸುವುದು ಅಸಾಧ್ಯವೆಂಬ ಮಾತು ಅಲ್ಲಿ ಸುಳ್ಳಾಯಿತು.

ಇತ್ತ ಈರೀ ಸರೋವರದ ಕಥೆಯೇನು? 2015ರಲ್ಲಿ ಓಹಯೋ, ಮಿಶಿಗನ್ ಮತ್ತು ಕೆನಡಾದ ಆಂಟೇರಿಯೊ ಸರ್ಕಾರಗಳು ಸರೋವರದ ಪಶ್ಚಿಮ ಭಾಗಕ್ಕೆ ಸೇರುವ ರಂಜಕವನ್ನು 2025ರೊಳಗೆ ಶೇಕಡ 40ರಷ್ಟು ಇಳಿಸುವೆವೆಂದು ಒಪ್ಪಂದ ಮಾಡಿಕೊಂಡವು. 2019ರಲ್ಲಿ ಓಹಯೋ ಸರ್ಕಾರವು ಎರಡು ವರ್ಷಗಳ ಮೊದಲ ಕಂತಿಗೆ 17 ಕೋಟಿ 20 ಲಕ್ಷ ಡಾಲರುಗಳನ್ನು ತೆಗೆದಿಟ್ಟು, ಇಷ್ಟಪಟ್ಟು ಮುಂದೆ ಬಂದ ರೈತರಿಗೆ ಹಂಚತೊಡಗಿತು. ಅದೇ ವರ್ಷ ಟೊಲೀಡೊ ನಗರದ ಮತದಾರರು ಬೇಸತ್ತು, ಸರೋವರಕ್ಕೇ ಹಕ್ಕುಗಳುಂಟೆಂಬ ನಿಬಂಧನೆಯೊಂದನ್ನು ಅಂಗೀಕರಿಸಿದರು. 2020ರಲ್ಲಿ ನ್ಯಾಯಾಲಯವು ಅದನ್ನು ಅಸಿಂಧುವೆಂದು ತೀರ್ಮಾನಿಸಿತು. 2025 ಬಂದಿತು, ಹೋಯಿತು. ಶೇಕಡ 40ರ ಮಾತು ಮಾತಾಗಿಯೇ ಉಳಿಯಿತು. ಗಡುವು ಮೀರಿದ್ದಕ್ಕೆ ಯಾರಿಗೂ ದಂಡವಿಲ್ಲ.

ಈ ವಿಷಯವು ದೂರದೇಶದ ಸುದ್ದಿಯೆಂದು ಭಾರತದ ವಾಚಕರು ಪುಟ ತಿರುವುವಂತಿಲ್ಲ. ಅಮೆರಿಕಾದ ಶಾಸನವಾದ ಎರಡೇ ವರ್ಷಕ್ಕೆ, 1974ರಲ್ಲಿ, ಭಾರತದಲ್ಲಿಯೂ ಜಲಮಾಲಿನ್ಯ ನಿವಾರಣೆಯ ಶಾಸನವಾಯಿತು; ಅದು ಮೊಟ್ಟಮೊದಲು ಅನ್ವಯವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದರ ಕೈಯೂ ಮುಖ್ಯವಾಗಿ ಕಾರ್ಖಾನೆಯ ಮತ್ತು ಊರಿನ ಚರಂಡಿಯ ಬಾಯವರೆಗೆ ಚಾಚಿದೆ. ಹೊಲದ ಹರಿನೀರು ಅದರ ಹಿಡಿತದ ಆಚೆಗಿದೆ. ಇತ್ತ ಯೂರಿಯಾ ಗೊಬ್ಬರದ ಬೆಲೆಯನ್ನು ಸರ್ಕಾರವೇ ಸಹಾಯಧನದಿಂದ ಇಳಿಸಿದೆ. ಅತ್ತ ಕೆರೆಗಳ ಉದ್ಧಾರಕ್ಕೆ ಅದೇ ಬೊಕ್ಕಸದಿಂದ ಅನುದಾನ ಹೊರಡುತ್ತದೆ. ಒಳಬರುವ ಕೊಳೆಯನ್ನು ತಡೆಯದೆ ಹೂಳನ್ನು ಮಾತ್ರ ಎತ್ತಿದ ಕೆರೆಯು ಎಷ್ಟು ಮಳೆಗಾಲ ತಿಳಿಯಾಗಿದ್ದೀತು?

ಹೀಗಿರಲು ನ್ಯಾಯವಾದ ಮಾರ್ಗವು ಯಾವುದೆಂಬುದು ಸ್ಪಷ್ಟ. ಅನುದಾನವನ್ನು ನಿಲ್ಲಿಸಬೇಕಾಗಿಲ್ಲ; ಸಣ್ಣ ಹಿಡುವಳಿಯವನಿಗೆ ಅದು ಇನ್ನೂ ಧಾರಾಳವಾಗಿ ಸಲ್ಲಲಿ. ಆದರೆ ಪ್ರತಿಯೊಂದು ಹಳ್ಳಕ್ಕೂ ಒಂದು ಮಿತಿ ಗೊತ್ತಾಗಬೇಕು. ಆ ಮಿತಿಯನ್ನು ನೀರಿನಲ್ಲಿಯೇ ಅಳೆಯಬೇಕು. ಅಳತೆಯ ಲೆಕ್ಕವನ್ನು ಪ್ರಜೆಗಳ ಮುಂದೆ ಇಡಬೇಕು. ಸಹಾಯ ದೊರೆತ ಮೇಲೆಯೂ ಮಿತಿಯನ್ನು ಮೀರುವವರು ತೆರಬೇಕು. 1972ರಲ್ಲಿ ಕೊಳವೆಯ ವಿಷಯದಲ್ಲಿ ಯಾವ ನ್ಯಾಯವು ಸರಿಯೆನಿಸಿತೋ ಅದೇ ನ್ಯಾಯವು ಹೊಲದ ವಿಷಯದಲ್ಲಿ ತಪ್ಪಾಗುವುದಕ್ಕೆ ಕಾರಣವಿಲ್ಲ. ಕಟ್ಟೆ ಒಡೆದ ಕೆರೆಗೆ ನೀರು ಹೊತ್ತು ಹಾಕುವವನನ್ನು ಉದಾರಿಯೆಂದು ಯಾರೂ ಹೊಗಳುವುದಿಲ್ಲ. ಮೊದಲು ಕಟ್ಟೆ ಕಟ್ಟೆಂದು ಹೇಳುತ್ತಾರೆ. ಸರ್ಕಾರಗಳಿಗೂ ಪ್ರಜೆಗಳು ಹೇಳಬೇಕಾದದ್ದು ಅಷ್ಟೇ.